ತಾಕತ್ತಿನ ಗುಳಿಗಿ

೧೪-೮-೧೯೮೪, ಮಂಗಳವಾರ

"ಮುಂಜಮುಂಜಾನೆ ಕುಡದ ಬಂದೀಯೇನಲೇ?" ಮೊರಬದ ಬಸ್ ನಿಲ್ದಾಣದಲ್ಲಿ ಮಂದಿಯ ಮುಂದೆ ತಮ್ಮನಿಗೆ ಹೀಗೆ ಕೂಗಿದ್ದು ಕಿವಿಯಿಂದ ಹೋಗುತ್ತಿಲ್ಲ. ಗುಡದಪ್ಪ ಓಲಾಡುತ್ತಿದ್ದ, ತೊದಲುತ್ತಿದ್ದ. "ಇಲ್ಲಬೇ ಅಕ್ಕಾ" ಎಂದಷ್ಟೇ ಅಂದ.

ಅವನಿಗೆ ಮೂರ್ಛೆ ರೋಗವೆಂದು ತಿಳಿದರೆ ಯಾರೂ ಹೆಣ್ಣು ಕೊಡುವುದಿಲ್ಲವೆಂದು ಅವ್ವ ಆ ರೋಗದ ಗುಳಿಗೆಗೆ ತಾಕತ್ತಿನ ಗುಳಿಗಿ ಎಂದು ಹೆಸರಿಟ್ಟಿದ್ದಳು. ಅವ್ವ ಹೋದಳು, ಹೆಸರು ಉಳಿಯಿತು. ಹೋದ ತಿಂಗಳು ತಮ್ಮನಿಗೆ ಕ್ಷಯದ ಔಷಧ ಕೊಡುವಾಗ ಡಾಕ್ಟರು, "ಬ್ಯಾರೆ ಗುಳಿಗಿ ಏನರ ತಗೋತಾನೇನ್ರಿ?" ಎಂದು ಕೇಳಿದ್ದರು. ಬಾಜು ನಮ್ಮೂರವರು ಕೂತಿದ್ದರು. "ತಾಕತ್ತಿನ ಗುಳಿಗಿ ಅಷ್ಟರಿ" ಎಂದೆ.

ಇವತ್ತು ಬಸ್ ನಿಲ್ದಾಣದಿಂದ ದವಾಖಾನೆಗೆ ಕರೆದೊಯ್ದು ಆ ಗುಳಿಗೆಯನ್ನೇ ತೋರಿಸಿದೆ. ಡಾಕ್ಟರು ಹಣೆ ಬಡಿದುಕೊಂಡರು. "ಕ್ಷಯದ ಗುಳಿಗಿ ಇದನ್ನ ಮೈಯಾಗಿಂದ ಹೋಗಗೊಡೂದಿಲ್ರಿ. ಕೂಡಕೋತ ಹೋಗಿ ವಿಷ ಆಗೇತಿ." ಮೂರ್ಛೆಯ ಗುಳಿಗೆ ಕಡಿಮೆ ಮಾಡಿದರು, ಪೂರಾ ಬಿಡಬಾರದಂತೆ.

ಬರುವಾಗ ತಮ್ಮ ನಕ್ಕ. "ತಾಕತ್ತ ಭಾಳ ಆತ ನೋಡಬೇ ಅಕ್ಕಾ." ನನಗೆ ನಗು ಬರಲಿಲ್ಲ.

ಮನೆಯ ಮುಂದೆ ನೆರೆಮನೆಯ ಸಣ್ಣವ್ವ ಕೇಳಿದಳು, "ಕುಡದಿದ್ನೇನಬೇ?" ಇಲ್ಲ, ಮೂರ್ಛೆಯ ಗುಳಿಗೆ ಮೈಯಲ್ಲಿ ಹೆಚ್ಚಾಗಿತ್ತು ಎನ್ನಬೇಕಿತ್ತು.

"ಹೌದಬೇ, ಕುಡದಿದ್ದ" ಎಂದೆ.

ಅವನು ನನ್ನ ಹಿಂದೆಯೇ ನಿಂತಿದ್ದ.