ಹನ್ನೊಂದು ಗೊನೆ ಅಸಾಯಿ

ಬೆಟ್ಟದಪುರ,
ಪಿರಿಯಾಪಟ್ಟಣ ತಾಲ್ಲೂಕು
15-12-2025, ಸೋಮವಾರ

ಪ್ರೀತಿಯ ಸೊಸೆ ಅನುಶ್ರೀಗೆ ನಿನ್ನ ಮಾವ ಜವರಯ್ಯನ ಆಶೀರ್ವಾದಗಳು.

ಅಲ್ಲಿ ನಿನ್ನ ಆರೋಗ್ಯ ಹೇಗಿದೆ? ಶೀತವಾದರೆ ಎದೆಗೆ ಇಳಿಸಿಕೊಳ್ಳುವ ಮೈ ನಿನ್ನದು. ಕೆ.ಆರ್. ನಗರದ ನಾಲೆ ಬದಿಯ ಚಳಿ ನಮ್ಮ ಚಳಿಯಂತಲ್ಲ, ಕಿವಿಗೆ ಬಟ್ಟೆ ಕಟ್ಟಿಕೊಂಡು ಓಡಾಡು. ನಿಮ್ಮ ತಾಯಿಯ ಮಂಡಿನೋವು, ನಿಮ್ಮ ತಂದೆಯ ಭತ್ತದ ಕಟಾವು, ಎರಡೂ ಒಂದು ದಾರಿಗೆ ಬಂದಿರಬಹುದು. ಇಲ್ಲಿ ನಿನ್ನ ಅತ್ತೆ ಕುಳ್ಳಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ. ಸೂಜಿಯ ಕಣ್ಣು ಕಾಣುವುದಿಲ್ಲ, ಎದುರು ಮನೆಯವರು ಚೀಲದಲ್ಲಿ ಏನು ತಂದರು ಎಂಬುದು ಮಾತ್ರ ಕಾಣುತ್ತದೆ. ನನ್ನ ದೇಹದಲ್ಲೂ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ನಿನ್ನ ಗಂಡ ರಘು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಹೊತ್ತಿಗೆ ಸರಿಯಾಗಿ ಹೊಲಕ್ಕೆ ಹೋಗುತ್ತಾನೆ. ಮಾತು ಮಾತ್ರ ಹೊತ್ತಿಗೂ ಇಲ್ಲ, ಹೊತ್ತು ಮೀರಿಯೂ ಇಲ್ಲ. ಫೋನ್ ಮಾಡಿದರೆ ನಿಮ್ಮ ತಾಯಿ ಎತ್ತಿ, "ಎಲ್ರೂ ಚೆನ್ನಾಗವ್ರೆ ಬೀಗ್ರೆ" ಎಂದು ಇಟ್ಟುಬಿಡುತ್ತಾರೆ. ಅದು ಅವರ ತಪ್ಪಲ್ಲ, ನೀನು ಹೇಳಿಸುವ ಮಾತು ಎಂದು ಗೊತ್ತು. ಕಾಗದವಾದರೆ ನಡುವೆ ಯಾರೂ ಎತ್ತುವುದಿಲ್ಲವೆಂದು ಬರೆಯುತ್ತಿದ್ದೇನೆ.

ನೀನು ಹೋಗಿ ಐದು ವಾರವಾಯಿತು. ಐದು ವರ್ಷದ ಹಿಂದೆ ನೀನು ವಯನಾಡಿನ ನರ್ಸರಿಯಿಂದ ಹೊರದೇಶದ ಅಸಾಯಿ ಹಣ್ಣಿನ ನಲವತ್ತು ಸಸಿ ತಂದು ಬೋರ್‌ವೆಲ್ ಪಕ್ಕದ ಜಮೀನಿನಲ್ಲಿ ನೆಟ್ಟಾಗ ಊರೆಲ್ಲ ನಕ್ಕಿತು. ನೋಡುವುದಕ್ಕೆ ಅಡಿಕೆ, ಆದರೆ ಅಡಿಕೆಯಲ್ಲ. ಬಾಯಿಗೆ ಬಂದ ಹೆಸರು ಹೇಳಿ ಕೊನೆಗೆ "ಅನುಶ್ರೀ ಅಡಿಕೆ" ಎಂದೇ ಇಟ್ಟರು. ಈ ವರ್ಷ ಮೊದಲ ಸಲ ಹನ್ನೊಂದು ಮರ ಗೊನೆ ಬಿಟ್ಟವು. ಗೋಲಿಯಷ್ಟು ಹಣ್ಣು ಹಸಿರಿನಿಂದ ಕಪ್ಪಾಗುವುದನ್ನು ನೀನು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದೆ. ಆಮೇಲಿನದು ನಿನಗೆ ಗೊತ್ತು. ನಿನ್ನ ಅತ್ತೆ ಸರಗೂರಿನ ತಂಗಿಯ ಮನೆಗೆ ಹೋಗಿದ್ದ ದಿನ, ನೀನು ಹುಣಸೂರಿನಿಂದ ಬಂದು ಬಸ್ಸಿಳಿದು ನೇರ ಜಮೀನಿಗೆ ಬಂದಾಗ, ಗೊನೆ ಬಿಟ್ಟ ಹನ್ನೊಂದು ಮರವೂ ನೆಲದಲ್ಲಿ ಮಲಗಿದ್ದವು. ರಘುವಿನ ಕೈಯಲ್ಲಿ ಮಚ್ಚಿತ್ತು. ಆ ಜಾಗಕ್ಕೆ ಶುಂಠಿ ಹಾಕೋಣ ಎಂದು ಅವನು ವರ್ಷದಿಂದ ಹೇಳುತ್ತಿದ್ದ. ನೀನು ಯಾರನ್ನೂ ಏನೂ ಕೇಳಲಿಲ್ಲ. "ಜಾಗ ಆಯ್ತಲ್ಲ, ಇನ್ನು ಆಕ್ಕಳಿ ನಿಮ್ ಶುಂಠಿಯ" ಎಂದು ಅವನ ಮುಖ ನೋಡಿ ಹೇಳಿ, ಹೆಗಲ ಚೀಲ ಕೆಳಗಿಡದೆ ತಿರುಗಿ ಬಸ್‌ಸ್ಟ್ಯಾಂಡಿಗೆ ಹೋದೆ. ಅವನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಮೌನ ಬಂಗಾರ ಎನ್ನುತ್ತಾರೆ. ಆ ಸಂಜೆ ನಮ್ಮ ಮನೆಯಲ್ಲಿ ಬಂಗಾರಕ್ಕೆ ಕೊರತೆಯಿರಲಿಲ್ಲ.

ಮರ ಹೋಯಿತು, ಗೊನೆ ಉಳಿಯಿತು. ಎರಡು ಮಂಕರಿ ತುಂಬ ಹಣ್ಣು. ರಘು ತಿಪ್ಪೆಗೆ ಸುರಿಯಲು ಹೊರಟ, ನಾನು ತಡೆದೆ. ನೇರಳೆ ಹಣ್ಣಿನಂತೆ ಬಾಯಿಗೆ ಹಾಕಿ ನೋಡಿದೆ. ಬೀಜ ಬಿಟ್ಟರೆ ಬೇರೇನೂ ಇಲ್ಲ, ತಿರುಳು ಎನ್ನುವುದು ಸಿಪ್ಪೆಯಷ್ಟೇ ತೆಳ್ಳಗೆ. ಮರುದಿನ ನಿನ್ನ ನೋಟುಬುಕ್ಕನ್ನು ಬೀರುವಿನಿಂದ ತೆಗೆದು ಓದಿದೆ. ಕೇಳದೆ ತೆಗೆದದ್ದಕ್ಕೆ ಬೇಸರ ಪಡಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಯಲ್ಲಿ ಉಜ್ಜಿ, ಜರಡಿಯಲ್ಲಿ ಸೋಸಬೇಕು ಎಂದು ನೀನು ಬರೆದಿದ್ದೆ. ಹಾಗೆಯೇ ಮಾಡಿದೆ. ಮೊಣಕೈವರೆಗೆ ಬಣ್ಣ ಹತ್ತಿತು, ನಾಲ್ಕು ದಿನ ಸೀಗೆಕಾಯಿಗೂ ಹೋಗಲಿಲ್ಲ. ಗಟ್ಟಿ ಹಾಲಿನಂಥ ಕಪ್ಪು ರಸ ಬಂತು. ಹಣ್ಣು ಎಂದ ಮೇಲೆ ಹುಳಿಯಾದರೂ ಸಿಹಿಯಾದರೂ ಇರಬೇಕಲ್ಲ. ಇದರಲ್ಲಿ ಎರಡೂ ಇಲ್ಲ. ಮೊದಲ ಮಳೆಗೆ ಬರುವ ಮಣ್ಣಿನ ವಾಸನೆ, ಹಿಂದೆಯೇ ಹುಚ್ಚೆಳ್ಳಿನ ಜಿಡ್ಡು. ಹೊರಗಿಟ್ಟರೆ ಒಂದೇ ದಿನಕ್ಕೆ ಕೆಡುತ್ತದೆ ಎಂದೂ ನೀನು ಬರೆದಿದ್ದರಿಂದ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸ್ಟ್ಯಾಂಡಿನ ಹತ್ತಿರ ಕೋಳಿ ಅಂಗಡಿ ಇಟ್ಟಿರುವ ಮುದಸ್ಸಿರನ ಫ್ರೀಜರಿನಲ್ಲಿ ಇಡಿಸಿದೆ. ಒಳ್ಳೆಯ ಮನುಷ್ಯ, ಜಾಗ ಕೊಟ್ಟ. ಮೂರು ದಿನ ಬಿಟ್ಟು, "ಜವರಣ್ಣ, ಬಂದೋರೆಲ್ಲ ಇದ್ಯಾವ ಪ್ರಾಣಿ ರಕ್ತ ಅಂತ ಕೇಳ್ತವ್ರೆ. ಒಂದು ಚೀಟಿನಾದ್ರೂ ಅಂಟ್ಸು" ಎಂದ. ನಿನ್ನ ಹೆಸರು ಬರೆದು ಅಂಟಿಸಿದ್ದೇನೆ.

ಆಮೇಲೆ ದಿನಕ್ಕೊಂದು ಅಡುಗೆ. ರಾಗಿಮುದ್ದೆಗೆ ನೀರಿನ ಬದಲು ಆ ರಸ ಹಾಕಿ ತೊಳಸಿದೆ. ಮುದ್ದೆ ಕಪ್ಪಾಯಿತು, ಅದು ಮೊದಲೇ ಕಪ್ಪು, ಯಾರಿಗೂ ಗೊತ್ತಾಗಲಿಲ್ಲ. ನುಂಗುವಾಗ ಮಾತ್ರ ಗಂಟಲಲ್ಲಿ ಎಣ್ಣೆ ಬಿಟ್ಟಂತೆ ಜಾರಿತು. ಅವರೆಕಾಳಿನ ಸಾರಿಗೆ ಹಾಕಿದೆ, ಸಾರು ನೇರಳೆ ಬಣ್ಣಕ್ಕೆ ತಿರುಗಿತು. ರುಚಿ ಕೆಟ್ಟಿರಲಿಲ್ಲ, ನೋಡಿದವರು ಉಣ್ಣಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೊನೆಯ ಸುತ್ತಿನ ಸೊಪ್ಪು ಇಳಿಸಿದ್ದೆವು, ಒಳಗೆ ಬಿಸಿ ಇನ್ನೂ ಆರಿರಲಿಲ್ಲ. ಈ ಹಣ್ಣನ್ನು ಪುಡಿ ಮಾಡಿ ಮಾರುತ್ತಾರೆ ಎಂದು ನೀನು ಹೇಳುತ್ತಿದ್ದೆಯಲ್ಲ, ತಟ್ಟೆಗಳ ಮೇಲೆ ರಸ ಹರಡಿ ಅಲ್ಲಿ ಒಣಗಿಸಿದೆ. ಮೂರನೆಯ ದಿನ ಬಾಣಲೆಯ ಮಸಿಯಂತೆ ಎದ್ದು ಬಂತು. ಕುಟ್ಟಿ ಪುಡಿ ಮಾಡಿ, ಹಾಲು ಬೆಲ್ಲ ಹಾಕಿ ಶಾವಿಗೆ ಪಾಯಸ ಮಾಡಿದೆ. ನಿನ್ನ ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಇದ್ನ ಉಣ್ಣದಾ, ಸೇದದಾ?" ಎಂದು ಕೇಳಿದಳು. ಹೊಗೆಸೊಪ್ಪಿನ ಘಾಟು ಹಾಗೆಯೇ ಹತ್ತಿಕೊಂಡಿತ್ತು. "ಅರವತ್ತೆಂಟಕ್ಕೆ ಒಲೆ ಮುಂದ್ಕೆ ಬಂದ್ರಿ. ಇನ್ನೊಂದ್ ಸೀರೆ ಉಟ್ಕಂಡ್ರೆ ನಾನು ಒಲಕ್ಕೋಯ್ತೀನಿ" ಎಂದೂ ಹೇಳಿ ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದಳು. ಅಂದಿನಿಂದ ಪಂಪ್‌ಸೆಟ್ ಮನೆಯೇ ನನ್ನ ಅಡುಗೆಮನೆ.

ಅಲ್ಲಿ ನಡೆದ ಒಂದು ಸಂಗತಿ ಬರೆಯಬೇಕು. ಹಂದಿ ಮಾಂಸ ಮನೆಯ ಪಾತ್ರೆ ಮುಟ್ಟಬಾರದು ಎಂಬುದು ನಿನ್ನ ಅತ್ತೆಯ ಕಾಯಿದೆ. ಅದಕ್ಕೆ ಬೇಕಾದ ಕಡಾಯಿ, ಮಸಾಲೆ, ಕೊಡಗಿನ ಕಪ್ಪು ಹುಳಿ ಕಾಚಂಪುಳಿಯ ಬಾಟಲಿ ಎಲ್ಲ ಪಂಪ್‌ಸೆಟ್ ಮನೆಯ ಕಿಟಕಿಯಲ್ಲೇ ಇರುತ್ತವೆ. ನಾನು ಅಸಾಯಿ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿ, ಬೇರೆ ಬಾಟಲಿ ಸಿಗದೆ, ಖಾಲಿಯಾದ ಕಾಚಂಪುಳಿ ಬಾಟಲಿಯೊಂದಕ್ಕೆ ತುಂಬಿ ಅದರ ಪಕ್ಕದಲ್ಲಿಟ್ಟಿದ್ದೆ. ಹೋದ ವಾರದ ಹಿಂದಿನ ಭಾನುವಾರ ಧರ್ಮೇಂದ್ರ ಎರಡು ಕೆ.ಜಿ. ಹಂದಿ ತಂದ. ರಘುವಿನ ಜೊತೆ ಶಾಲೆಗೆ ಹೋದವನು, ಬಾಯಿಗೆ ಬೀಗವಿಲ್ಲ ಎಂದು ನೀನೇ ಬೈಯುತ್ತಿದ್ದೆಯಲ್ಲ, ಅವನೇ. ಮಾಂಸ ಬೆಂದ ಮೇಲೆ ಹುಳಿಗೆಂದು ಕೈಗೆ ಸಿಕ್ಕ ಕಪ್ಪು ಬಾಟಲಿ ಬಗ್ಗಿಸಿದ. ರುಚಿ ನೋಡಿ, "ಉಳಿನೇ ಇಡೀತಿಲ್ವಲ್ಲ ಕಣ್ಲಾ" ಎಂದು ಇನ್ನಷ್ಟು ಬಗ್ಗಿಸಿದ. ಮೂರನೆಯ ಸಲಕ್ಕೆ ಬಾಟಲಿಯೇ ಖಾಲಿ. ಬಣ್ಣ ಮಾತ್ರ ಕುಶಾಲನಗರದ ಹೋಟೆಲಿನಲ್ಲೂ ಅಷ್ಟು ಕಪ್ಪು ಬರುವುದಿಲ್ಲ. ನಾನು ಬಂದು ನೋಡಿ, ಅದು ಹುಳಿಯಲ್ಲ, ಅನುಶ್ರೀ ಹಣ್ಣು ಎಂದು ಹೇಳಿದೆ. ಎರಡು ನಿಂಬೆಹಣ್ಣು ಹಿಂಡಿ ಹೇಗೋ ಸರಿಮಾಡಿದೆವು.

ಅಲ್ಲಿಯವರೆಗೆ ರಘು ನಿನ್ನ ಹಣ್ಣನ್ನು ನಾಲಿಗೆಗೂ ಮುಟ್ಟಿಸಿರಲಿಲ್ಲ. ಮುದ್ದೆಗೆ ಹಾಕಿದ ದಿನ ತಟ್ಟೆ ಬಿಟ್ಟು ಎದ್ದಿದ್ದ. ಆ ದಿನ ಎದ್ದು ಹೋಗಲಿಲ್ಲ. ತಟ್ಟೆ ನೋಡಿಕೊಂಡು ನಿಧಾನವಾಗಿ ತಿನ್ನುತ್ತ ಕೂತ. ಧರ್ಮೇಂದ್ರ ಬಿಡಬೇಕಲ್ಲ, "ನೋಡಪ್ಪ, ಎಂಡ್ತಿ ಮರ ಕಡ್ದು ಎಂಡ್ತಿನೂ ಓಡ್ಸಿ, ಅದ್ರ ಅಣ್ಣು ಹೆಂಗ್ ಚಪ್ಪರಿಸ್ತಾವ್ನೆ" ಎಂದ. ರಘು ತಲೆ ಎತ್ತಲಿಲ್ಲ. "ಇನ್ನೊಂದ್ ಸೌಟು ಆಕು" ಎಂದಷ್ಟೇ ಹೇಳಿ ತಟ್ಟೆ ಮುಂದಕ್ಕೆ ತಳ್ಳಿದ. ಸೌಟು ನನ್ನ ಕೈಯಲ್ಲಿತ್ತು. ಹಾಕಿದೆ. ಅಂದಿನಿಂದ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಹಣ್ಣಿನ ಜಿಡ್ಡು ಇರಬೇಕೆಂದು ಜೀರಿಗೆ ಕಷಾಯ ಕುಡಿದೆ, ಉಪಯೋಗವಾಗಲಿಲ್ಲ.

ಒಂದು ಅಡುಗೆ ಮಾತ್ರ ಕೂಡಿ ಬಂತು, ಅದನ್ನು ನಿನ್ನ ನೋಟುಬುಕ್ಕಿನಲ್ಲಿ ಬರೆದುಕೊ. ಹುಚ್ಚೆಳ್ಳು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ, ನೀರು ಹಾಕದೆ ಅಸಾಯಿ ರಸದಲ್ಲೇ ಒರಳಿನಲ್ಲಿ ರುಬ್ಬಬೇಕು. ಜಿಡ್ಡಿಗೆ ಜಿಡ್ಡು ನೆಂಟ, ಹುಣಸೆ ಎರಡನ್ನೂ ಹಿಡಿದು ಕೂರಿಸುತ್ತದೆ. ನಿನ್ನ ಅತ್ತೆಗೆ ಏನೆಂದು ಹೇಳದೆ ರೊಟ್ಟಿಯ ಪಕ್ಕ ಇಟ್ಟೆ. ಎರಡನೆಯ ಸಲ ತಾನೇ ಹಾಕಿಕೊಂಡಳು. ಹೇಳಿದ ಮೇಲೆ, "ಉಚ್ಚೆಳ್ಳು ಚೆನ್ನಾಗದೆ ಬುಡಿ" ಎಂದಳು. ಮೆಚ್ಚಿದಳೆಂದೇ ಲೆಕ್ಕ. ನನ್ನ ನಿಜವಾದ ಅಭಿಪ್ರಾಯ ಕೇಳಿದರೆ, ಈ ಹಣ್ಣಿಗೆ ಲೋಕವೆಲ್ಲ ಯಾಕೆ ಇಷ್ಟು ಮರುಳಾಗಿದೆಯೋ ತಿಳಿಯಲಿಲ್ಲ. ಆದರೆ ನನ್ನ ನಾಲಿಗೆ ಮುದ್ದೆಯಲ್ಲಿ ಬೆಳೆದದ್ದು, ಅದರ ಮಾತನ್ನು ಕೊನೆಯ ಮಾತೆಂದು ತಿಳಿಯಬೇಡ. ಕಡಿದ ಬುಡಗಳ ಪಕ್ಕದಲ್ಲಿದ್ದ ಮರಿಗಳು ಮೊಣಕಾಲು ದಾಟಿವೆ. ಉಳಿದ ಇಪ್ಪತ್ತೊಂಬತ್ತು ಮರಕ್ಕೆ ರಘು ವಾರಕ್ಕೆ ಎರಡು ಸಲ ನೀರು ಬಿಡುತ್ತಾನೆ. ಶುಂಠಿಯ ಮಾತು ಎತ್ತಿಲ್ಲ.

ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಊಟ ಮಾಡು. ಬೆಟ್ಟದ ಮಲ್ಲಯ್ಯ ನಿನ್ನನ್ನು ಎಲ್ಲಿದ್ದರೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಮಾವ,
ಜವರಯ್ಯ

ವಿ.ಸೂ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರ ಕಡಿದವನು ರಘು ಅಲ್ಲ, ನಾನು. ಗೊನೆ ಪೂರ್ತಿ ಕಪ್ಪಾಗಿತ್ತು, ನೀನು ಬರುವಷ್ಟರಲ್ಲಿ ಇಳಿಸಿಟ್ಟರೆ ಸಂತೋಷ ಪಡುತ್ತೀಯೆಂದು ಹೋದೆ. ನಲವತ್ತು ವರ್ಷ ಬಾಳೆ ಬೆಳೆದ ಕೈ ಇದು. ಗೊನೆ ಬಲಿತರೆ ನಾವು ಗಿಡವನ್ನೇ ಕಡಿಯುತ್ತೇವೆ, ಅದರ ಕೆಲಸ ಮುಗಿಯಿತು, ಪಕ್ಕದ ಮರಿಕಂದು ಮೇಲೇಳುತ್ತದೆ. ನಿನ್ನ ಮರದ ಬುಡದಲ್ಲೂ ಮರಿಗಳಿದ್ದವು, ಇದೂ ಹಾಗೆಯೇ ಎಂದುಕೊಂಡೆ. ಹನ್ನೊಂದನೆಯದು ಬೀಳುವಾಗ ರಘು ಓಡಿ ಬಂದ. "ಏನ್ ಮಾಡ್ಬುಟ್ಟೆ ಅಪ್ಪ, ಇದು ವರ್ಸ ವರ್ಸ ಬುಡೋ ಮರ. ಅವ್ಳು ಎಷ್ಟ್ ಸಲ ಹೇಳವ್ಳೆ" ಎಂದ. ನೀನು ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡಿದ್ದ, ನಾನು ಕೇಳಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ನಿನ್ನ ಬಸ್ಸು ಬಂತು. "ನೀನು ಸುಮ್ನಿರು, ನಾ ನೋಡ್ಕತೀನಿ" ಎಂದು ಮಚ್ಚು ನನ್ನ ಕೈಯಿಂದ ತೆಗೆದುಕೊಂಡ. ಮಗ ಸುಮ್ಮನಿರು ಎಂದ, ಅಪ್ಪ ಐದು ವಾರ ಸುಮ್ಮನಿದ್ದ. ಈ ಕಾಗದ ಬರೆದದ್ದು ಅವನಿಗೆ ಗೊತ್ತಿಲ್ಲ. ನಿನ್ನ ಅತ್ತೆಗೆ ಇವತ್ತು ಸಂಜೆ ಹೇಳುತ್ತೇನೆ, ನಾಳೆ ಧರ್ಮೇಂದ್ರನಿಗೂ ಹೇಳಿದರೆ ಊರಿಗೆ ಹೇಳಿದಂತೆಯೇ. ಬರುವುದು ಬಿಡುವುದು ನಿನಗೆ ಸೇರಿದ್ದು. ಬೈಯುವುದನ್ನು ಮಾತ್ರ ಇನ್ನು ಮೇಲೆ ನನ್ನ ಹೆಸರು ಹಿಡಿದು ಬೈಯಿ.