ನನ್ನ ತೂಗುಕುರ್ಚಿ

ಅಲಬಾಮಾ
ಗುರುವಾರ

ಮಿಸ್ ಆರ್ಡೆಲ್ ಟೀಚರ್‌ಗೆ,

ಶಾಲೆಯ ನಾಟಕಕ್ಕೆಂದು ಒಯ್ದ ನನ್ನ ತೂಗುಕುರ್ಚಿಯನ್ನು ಶನಿವಾರದೊಳಗೆ ವಾಪಸ್ ಕಳಿಸಿಕೊಡಿ.

ನೀವು ಕುರ್ಚಿ ಕೇಳಲು ಬಂದಾಗ, "ಊರೆಲ್ಲ ದೂರ ಇಟ್ಟ ನಿರಪರಾಧಿಯ ಕಥೆ, ಮಿಸ್ ವರ್ಲೀನ್. ಅವನ ಕುರ್ಚಿ ಹೀಗೇ ಇರ್ಬೇಕು" ಅಂದಿರಿ. ನಾಟಕಕ್ಕೆ ಆರಿಸಿದ ಕಾದಂಬರಿಯೂ ಹಳೆಯದು, ಕುರ್ಚಿಯೂ ಹಳೆಯದು, ಹೊಂದುತ್ತೆ ಅಂತ ಕೊಟ್ಟೆ.

ನಿನ್ನೆ ನಾಟಕ ನೋಡಲು ಬಂದೆ. ನಾನು ಕೂತ ಬೆಂಚಿನಿಂದ ಒಬ್ಬೊಬ್ಬರಾಗಿ ಎದ್ದು ಹೋದರು. "ಏಳೇ, ಕೊಲೆಗಾರನ ತಾಯಿ ಅವಳು" ಎಂದು ಅಂಚೆ ಕಚೇರಿಯ ಮೇಬಲ್ ತನ್ನ ಮಗಳನ್ನು ಎಬ್ಬಿಸಿದ್ದು ನನಗೂ ಕೇಳಿಸಿತು. ಜೈಲಿನಲ್ಲಿರುವುದು ನನ್ನ ಮಗ. ನಾನು ಮಾಡಿದ್ದು ಅವನನ್ನು ಹೆತ್ತಿದ್ದು, ತಿಂಗಳಿಗೊಮ್ಮೆ ಬಸ್ ಹಿಡಿದು ಹೋಗಿ ನೋಡಿ ಬರುವುದು. ಅದನ್ನಂತೂ ಬಿಡುವುದಿಲ್ಲ.

ಕೊನೆಗೆ ಆ ನಿರಪರಾಧಿಯ ಪಾತ್ರಧಾರಿ ನನ್ನ ಕುರ್ಚಿಯಲ್ಲಿ ಕೂತು "ನಾನೇನು ತಪ್ಪು ಮಾಡಿದೆ?" ಎಂದಾಗ ಅದೇ ಮೇಬಲ್ ಬಿಕ್ಕಿ ಬಿಕ್ಕಿ ಅತ್ತಳು. ನೀವೂ ಕಣ್ಣೊರೆಸಿಕೊಂಡಿರಿ. ಬೆಂಚಿನಲ್ಲಿ ನಾನೊಬ್ಬಳೇ ಇದ್ದುದರಿಂದ ಎಲ್ಲ ಚೆನ್ನಾಗಿ ಕಾಣಿಸಿತು.

ನಿಷ್ಕಳಂಕ ಜೀವದ ಗುರುತೆಂದು ಮಕ್ಕಳು ಆ ಕುರ್ಚಿಯ ಬೆನ್ನಿಗೆ ಬಿಳಿ ಹಕ್ಕಿಯ ಚಿತ್ರ ಬರೆದಿದ್ದಾರೆ. ಉಜ್ಜಿಸಿ ಕೊಡುತ್ತೇನೆಂದು ಹೇಳಿಕಳಿಸಿದ್ದೀರಿ. ಮುಟ್ಟಬೇಡಿ. ಭಾನುವಾರ ಬೆಳಿಗ್ಗೆ ಆ ಹಕ್ಕಿಯ ಸಮೇತ ಕುರ್ಚಿ ನನ್ನ ಜಗಲಿಯ ಮೇಲೆ, ರಸ್ತೆಗೆ ಮುಖಮಾಡಿ ಇರುತ್ತದೆ. ಅದರಲ್ಲಿ ನಾನಿರುತ್ತೇನೆ. ಚರ್ಚಿಗೆ ಹೋಗುವವರೆಲ್ಲ ಆ ದಾರಿಯಲ್ಲೇ ಬರಬೇಕು. ಅಳು ಬಂದವರು ಅಲ್ಲೇ ನಿಂತು ಅಳಲಿ.

ಇಂತಿ, ಕುರ್ಚಿಯ ಒಡತಿ
ವರ್ಲೀನ್ ಟಗಲ್