ಗೊತ್ತಿದ್ದ ಒಂದೇ ಹೆಸರು

ನಮ್ಮ ವಾರ್ಡಿನ ಮಾಜಿಯೂ ಬಹುಶಃ ಭಾವಿಯೂ ಆದ ಕಾರ್ಪೊರೇಟರ್ ಸಾಹೇಬರೇ,

ರಾಧಾಮಣಿ ಎಂಬ ಪೌರಕಾರ್ಮಿಕ ಮಹಿಳೆಯನ್ನು ನೀವು ನಮ್ಮ ಬಡಾವಣೆಯಿಂದ ಎತ್ತಿ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಕೆಲಸಕ್ಕೆ ಹಾಕಿಸಿದ್ದು ತಪ್ಪು. ಹಾಕಿಸುವಂತೆ ಮಾಡಿದವನು ನಾನು. ಆಕೆ ಯಾವ ತಪ್ಪೂ ಮಾಡಿರಲಿಲ್ಲ, ಅದು ನನಗೆ ಅವತ್ತೂ ಗೊತ್ತಿತ್ತು. ಈ ಮೂರು ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಈ ಬಹಿರಂಗ ಪತ್ರವನ್ನು ಅಚ್ಚು ಹಾಕುವ ಪತ್ರಿಕೆಯವರು ಜಾಗ ಸಾಲದೆ ಕೆಳಗಿನದನ್ನೆಲ್ಲ ಕತ್ತರಿಸಿದರೂ ಇಷ್ಟು ಉಳಿಯಲಿ.

ನೀವು ಈಗ ಕಾರ್ಪೊರೇಟರ್ ಅಲ್ಲ ಎಂಬುದು ನನಗೆ ತಿಳಿದಿದೆ. ಚುನಾವಣೆ ನಡೆದು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕುವುದನ್ನೂ ನಾವು ಬಿಟ್ಟಿದ್ದೇವೆ. ಪಾಲಿಕೆ ಒಡೆದು ಹಲವಾಯಿತು, ವಾರ್ಡಿನ ಗಡಿ ಎರಡು ಸಲ ಬದಲಾಯಿತು, ನಿಮ್ಮ ಫ್ಲೆಕ್ಸ್ ಮಾತ್ರ ಬದಲಾಗಲಿಲ್ಲ. ನಿಮಗೆ ಕುರ್ಚಿ ಇಲ್ಲದಿದ್ದರೂ ನೀವು ಬಂದಾಗಲೆಲ್ಲ ನಾವೇ ಒಂದು ಕುರ್ಚಿ ಹಾಕುತ್ತೇವೆ. ಸಿಂಗಾಪುರ ಹಳ್ಳಿಯ ಪಕ್ಕದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಎರಡು ತಿಂಗಳ ಹಿಂದೆ ಭಾನುವಾರ ಬೆಳಿಗ್ಗೆ ಹಾಕಿದ್ದೂ ಅಂಥದೇ ಒಂದು ಕುರ್ಚಿ, ಅದಕ್ಕೆ ಬಿಳಿ ಟವೆಲ್ ಹೊದಿಸಿದವನು ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನೇ.

ಅವತ್ತಿನ ಸಭೆ ನಿಮಗೆ ನೆನಪಿರಲಾರದು, ನೀವು ಭಾನುವಾರಕ್ಕೆ ನಾಲ್ಕು ಸಭೆ ಮಾಡುವವರು. ಶಾಮಿಯಾನ, ಉಪ್ಪಿಟ್ಟು, ಕೇಸರಿಬಾತು, ನಿಮ್ಮ ತಲೆಗೆ ಮೈಸೂರು ಪೇಟ. ಎಪ್ಪತ್ತು ಮನೆಯವರು ಸೇರಿದ್ದೆವು. ಬೀದಿದೀಪ, ಬೀದಿನಾಯಿ, ಅಗೆದು ಹಾಗೇ ಬಿಟ್ಟ ಚರಂಡಿ ಎಲ್ಲಕ್ಕೂ ನೀವು 'ನೋಟ್ ಮಾಡ್ಕೊಳ್ಳಪ್ಪಾ' ಎಂದಿರಿ. ನಿಮ್ಮ ಪಕ್ಕದಲ್ಲಿ ನಿಂತವರ ಕೈಯಲ್ಲಿ ಪೆನ್ನು ಇರಲಿಲ್ಲ, ಹೋಗಲಿ. ಕೊನೆಗೆ ಬಂದದ್ದು ಕಸ. ಏಳು, ಎಂಟು, ಒಂಬತ್ತನೇ ಅಡ್ಡರಸ್ತೆಗಳಲ್ಲಿ ತಿಂಗಳುಗಟ್ಟಲೆ ಪೊರಕೆ ಬಿದ್ದಿಲ್ಲ ಎಂದು ಹೆಂಗಸರು ಒಕ್ಕೊರಲಲ್ಲಿ ದನಿ ಎತ್ತಿದಾಗ ನೀವು ಎದ್ದು ನಿಂತಿರಿ.

"ಸುಮ್ನೆ ಕಂಪ್ಲೇಂಟ್ ಹೇಳಿದ್ರೆ ಆಗಲ್ಲಮ್ಮ. ಯಾರ್ ಕೆಲಸ ಮಾಡ್ತಿಲ್ಲ, ಹೆಸರು ಕೊಡಿ. ಒಂದೇ ಒಂದ್ ಹೆಸರು ಕೊಡಿ, ನಾಳೆ ಬೆಳಿಗ್ಗೆ ಆಕ್ಷನ್ ಆಗ್ಲಿಲ್ಲ ಅಂದ್ರೆ ನನ್ನನ್ ಕೇಳಿ."

ಎಪ್ಪತ್ತು ಮನೆ. ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಗುಡಿಸಿದವರು, ನಮ್ಮ ಎಂಜಲಿನ ಡಬ್ಬ ಎತ್ತಿದವರು ಎಷ್ಟು ಜನವೋ. ಒಬ್ಬರ ಹೆಸರೂ ಯಾರ ಬಾಯಿಗೂ ಬರಲಿಲ್ಲ. "ಅದೇ, ಕುಳ್ಳಗಿದಾಳಲ್ಲ," ಎಂದರು ಒಬ್ಬರು. "ಹಸಿರು ಕೋಟಿನವಳು," ಎಂದರು ಇನ್ನೊಬ್ಬರು. ಎಲ್ಲರಿಗೂ ಹಸಿರು ಕೋಟೇ ಅಲ್ಲವೇ ಸಾಹೇಬರೇ? ಮೈಕು ಕೈಯಿಂದ ಕೈಗೆ ಹೋಗಿ ನನ್ನ ಕೈಗೆ ಬಂತು. ಎಲ್ಲರೂ ಕಾರ್ಯದರ್ಶಿಯ ಮುಖ ನೋಡಿದರು. ನಾನು ಹೇಳಿದೆ: "ರಾಧಾಮಣಿ ಅಂತ ಒಬ್ಬಳಿದಾಳೆ ಸಾರ್."

ಚಪ್ಪಾಳೆ ಬಿತ್ತು.

ನನಗೆ ಆ ಹೆಸರು ಹೇಗೆ ಗೊತ್ತಿತ್ತು ಎಂಬುದನ್ನು ಹೇಳದೆ ಈ ಪತ್ರ ಮುಗಿಸಿದರೆ ನಾನು ಇನ್ನೂ ಸುಳ್ಳನೇ. ಹೋದ ವರ್ಷ ಬೆಳಗಿನ ವಾಕಿಂಗಿಗೆ ಹೋದವನು ಮೂರನೇ ಅಡ್ಡರಸ್ತೆಯ ತಿರುವಿನಲ್ಲಿ ತಲೆ ಸುತ್ತಿ ಕುಸಿದೆ. ಎರಡು ಕಾರು ಪಕ್ಕದಲ್ಲೇ ಹೋದವು. ಗುಡಿಸುತ್ತಿದ್ದ ಹೆಂಗಸು ಓಡಿ ಬಂದು, ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ತನ್ನ ಬಾಟಲಿಯ ನೀರನ್ನು ನನ್ನ ಮುಖಕ್ಕೆ ಚಿಮುಕಿಸಿ, ಉಳಿದದ್ದನ್ನು ಕುಡಿಸಿ, ನನ್ನ ಹೆಂಡತಿ ಸುಬ್ಬಲಕ್ಷ್ಮಮ್ಮನನ್ನು ಕೂಗಿ ಕರೆದಳು. ಚೇತರಿಸಿಕೊಂಡ ಮೇಲೆ "ನಿನ್ನ ಹೆಸರೇನಮ್ಮ?" ಎಂದು ಕೇಳಿದೆ. ಕೃತಜ್ಞತೆಗೆ ಕೇಳಿದ ಹೆಸರು ಅದು. ಆಮೇಲೆ ನಮ್ಮ ಮನೆಯ ಕಾಂಪೌಂಡಿನ ಮೇಲೆ ಆಕೆಗೆಂದು ದಿನಾ ಒಂದು ಲೋಟ ಕಾಫಿ ಇಡುವ ರೂಢಿಯಾಯಿತು. ಲೋಟ ಬೇರೆಯದೇ. ಬೇರೆ ಲೋಟ ಯಾಕೆ ಎಂದು ನೀವು ಕೇಳಲಾರಿರಿ, ನಿಮ್ಮ ಮನೆಯಲ್ಲೂ ಒಂದು ಇದ್ದೀತು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ ಹಿರಿಯರು. ನಾನು ಆಕೆಯ ನೀರು ಕುಡಿದವನು.

ಸಭೆ ಮುಗಿಸಿ ಮನೆಗೆ ಬಂದಾಗ ಸುಬ್ಬಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು, ಮೈಕಿನ ಮಾತು ಮನೆಯವರೆಗೂ ಕೇಳಿತ್ತು. "ರೀ, ಅವಳ ಹೆಸರು ಯಾಕ್ ಹೇಳಿದ್ರಿ? ಅವಳು ಗುಡಿಸೋದು ನಮ್ ಕಡೆ. ಏಳನೇ ಕ್ರಾಸು ಅವಳದ್ದಲ್ವಲ್ಲ!" ಅಂದಳು. ನಾನು ತಕ್ಷಣ ಒಂದು ಕಥೆ ಕಟ್ಟಿದೆ. ರಾಧಾಮಣಿಯನ್ನು ಕೇಳಿದರೆ ಆ ಕಡೆಯವರು ಯಾರೆಂದು ಹೇಳುತ್ತಾಳೆ ಎನ್ನಲು ಹೊರಟಿದ್ದೆ, ಅಷ್ಟರಲ್ಲಿ ಮೈಕು ಕಿತ್ತುಕೊಂಡರು ಎಂದೆ. ಅದು ಸುಳ್ಳು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಏನೂ ಗೊತ್ತಿಲ್ಲದ ಕಾರ್ಯದರ್ಶಿ ಎಂದು ನಿಮ್ಮೆದುರು ಅನಿಸಿಕೊಳ್ಳಬಾರದೆಂದು ಹೇಳಿದೆ, ಅಷ್ಟೇ. ಅರವತ್ತೆಂಟು ವರ್ಷದ ಮನುಷ್ಯ ತರಗತಿಯಲ್ಲಿ ಮೇಷ್ಟರು ಕೇಳಿದ ಪ್ರಶ್ನೆಗೆ ಬಾಯಿಗೆ ಬಂದದ್ದು ಹೇಳುವ ಹುಡುಗನ ಹಾಗೆ ಹೇಳಿದೆ. ಇನ್ನೊಂದು ಮಾತು. ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಟೈಮ್ ಆಫೀಸಿನಲ್ಲಿದ್ದವನು. ಯಾರು ಯಾವ ಪಾಳಿ, ಯಾರು ಗೈರುಹಾಜರಿ ಎಂದು ಬರೆಯುವುದೇ ನನ್ನ ಅನ್ನ. ಹಾಜರಿ ಪುಸ್ತಕ ನೋಡದೆ ಒಬ್ಬ ಕಾರ್ಮಿಕನ ಮೇಲೂ ಒಂದು ಅಕ್ಷರ ಬರೆದಿಲ್ಲ ಎಂದು ನಿವೃತ್ತಿಯ ದಿನ ಭಾಷಣ ಬೇರೆ ಮಾಡಿದ್ದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನೀವು ಮಾತಿಗೆ ತಪ್ಪಲಿಲ್ಲ. ಚರಂಡಿ ಮುಗಿಸಲು ಆರು ವರ್ಷವೂ ಸಾಲದ ನೀವು ಇದಕ್ಕೆ ಒಂದು ರಾತ್ರಿಯನ್ನೂ ತೆಗೆದುಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಸಂದೇಶ ಬಂತು: 'ಸಂಬಂಧಪಟ್ಟ ಪೌರಕಾರ್ಮಿಕರ ಮೇಲೆ ಕ್ರಮ ಕೈಗೊಳ್ಳಲಾಗಿದೆ.' ನಲವತ್ಮೂರು ಹೆಬ್ಬೆರಳು. ಒಂದು ಜೋಡಿ ಮುಗಿದ ಕೈ, ಅದು ನನ್ನದು.

ಮಂಗಳವಾರದಿಂದ ಒಂದರಿಂದ ಆರರವರೆಗಿನ ರಸ್ತೆಗಳಿಗೂ ಪೊರಕೆ ಬೀಳುವುದು ನಿಂತಿತು. ಹೊಂಗೆ ಎಲೆ ಗೇಟಿನವರೆಗೆ ಬಂತು. ಏನಾಯಿತೆಂದು ಪೌರಕಾರ್ಮಿಕರ ಮೇಸ್ತ್ರಿ ಬಾಲರಾಜ್ ಅವರನ್ನು ಹಿಡಿದು ಕೇಳಿದೆ. ಅವರು ಬೈಕಿನಿಂದ ಇಳಿಯಲೂ ಇಲ್ಲ.

"ಏಳು, ಎಂಟು, ಒಂಬತ್ತಕ್ಕೆ ಆಳೇ ಇಲ್ಲ ಸಾರ್. ಮುನಿಯಣ್ಣ ಅಂತ ಇದ್ದ, ರಿಟೈರ್ ಆಗಿ ಐದ್ ತಿಂಗ್ಳಾಯ್ತು. ಬದ್ಲಿ ಕೊಟ್ಟಿಲ್ಲ. ನಿಮ್ ಕಾರ್ಪೊರೇಟರ್‌ಗೂ ಗೊತ್ತು, ನಾನೇ ಎರಡ್ ಸಲ ಹೇಳಿದೀನಿ. ಆ ಯಮ್ಮ ರಾಧಾಮಣಿ ತನ್ ಕೆಲಸ ಮುಗ್ಸಿ ವಾರಕ್ಕೊಂದ್ ಸಲ ಏಳನೇ ಕ್ರಾಸೂ ಗುಡಿಸ್ತಿದ್ಲು, ಪುಣ್ಯಕ್ಕೆ. ಹೆಸರು ಕೊಟ್ಟಿದ್ದು ನೀವೇ ಅಂತೆ?"

ಹೌದು ಎಂದೆ. "ಸರಿ ಬಿಡಿ ಸಾರ್," ಎಂದು ಹೊರಟುಹೋದರು.

ಈಗ ನಿಮ್ಮನ್ನು ಕೇಳುತ್ತೇನೆ. ಅಲ್ಲಿ ಗುಡಿಸಲು ಜನವೇ ಇಲ್ಲ ಎಂಬುದು ನಿಮಗೆ ಗೊತ್ತಿದ್ದೂ, ನಮ್ಮಿಂದ ಹೆಸರು ಯಾಕೆ ಕೇಳಿದಿರಿ? ಇಲ್ಲದ ಆಳಿಗೆ ಯಾವ ಹೆಸರನ್ನು ನಿರೀಕ್ಷಿಸಿದ್ದಿರಿ? ಆಳನ್ನು ಕೊಡುವುದಕ್ಕಿಂತ ಆಳಿನ ಮೇಲೆ ಕ್ರಮ ಕೊಡುವುದು ಸುಲಭ ಎಂದಲ್ಲವೇ? ನಮಗಾದರೂ ಏನು ಬೇಕಿತ್ತು? ಕಸ ಹೋಗುವುದು ಬೇಕಿತ್ತೋ, ಯಾರಿಗಾದರೂ ಶಿಕ್ಷೆಯಾಗುವುದು ಬೇಕಿತ್ತೋ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವೆಲ್ಲ ಬೇರೆಯವರ ಮೂರ್ಖತನಕ್ಕೆ ಹೇಳುತ್ತೇವೆ. ಅವತ್ತು ಬರೆ ಹಾಕುವ ಕಬ್ಬಿಣ ನಿಮ್ಮದು, ಎಮ್ಮೆಯನ್ನು ತೋರಿಸಿದ ಬೆರಳು ನನ್ನದು, ಚಪ್ಪಾಳೆ ಊರಿನದು.

ಅದೇ ವಾರ ನಿಮಗೆ ಫೋನು ಮಾಡಿದೆ. ತಪ್ಪಾಗಿದೆ, ಆಕೆಯನ್ನು ವಾಪಸು ತರಿಸಿ ಎಂದೆ. ನೀವು ನಕ್ಕಿರಿ. "ನಾನೀಗ ಅಧಿಕಾರದಲ್ಲಿ ಇಲ್ವಲ್ಲ ಸಾರ್, ನನ್ ಮಾತ್ ಯಾರ್ ಕೇಳ್ತಾರೆ?" ಕಳಿಸುವಾಗ ಕೇಳಿದವರು ಕರೆಸುವಾಗ ಯಾಕೆ ಕೇಳುವುದಿಲ್ಲ ಸಾಹೇಬರೇ? ನಿಮ್ಮ ಅಧಿಕಾರ ಒಂದೇ ದಿಕ್ಕಿಗೆ ಹೋಗುವ ಬಸ್ಸೇ?

ಕೊನೆಗೆ ರಾಧಾಮಣಿಯ ಮನೆಗೇ ಹೋದೆ. ಸಿಂಗಾಪುರದ ಹಳೇ ಊರಿನ ಹಿಂಬದಿ, ಸಾಲುಮನೆಗಳಲ್ಲಿ ಕೊನೆಯದು. ಒಂದೇ ಪ್ಲಾಸ್ಟಿಕ್ ಕುರ್ಚಿ ಇತ್ತು, ನನ್ನನ್ನು ಕೂರಿಸಿ ಆಕೆ ನಿಂತಳು. ಮಂಚದ ಮೇಲೆ ಎದ್ದು ಓಡಾಡಲಾಗದ ಅತ್ತೆ ಮುನಿಯಲ್ಲಮ್ಮ. ಚಹಾ ಕೊಟ್ಟದ್ದು ಮನೆಯವರು ಕುಡಿಯುವ ಲೋಟದಲ್ಲೇ. ಕುಡಿದೆ, ಕತ್ತು ಎತ್ತಲಾಗಲಿಲ್ಲ. ಹೆಬ್ಬಾಳದಲ್ಲಿ ಆರು ಗಂಟೆಗೆ ಮುಖ ತೋರಿಸಿ ಹಾಜರಿ ಹಾಕಬೇಕು, ಇಲ್ಲಿಂದ ಎರಡು ಬಸ್ಸು, ಮೊದಲನೆಯದೇ ತಡ. ಆಗಲೇ ಎರಡು ಮೆಮೊ ಬಂದಿವೆ. ಮೂರನೆಯದು ಬಂದರೆ ಖಾಯಂ ಮಾಡುವ ಪಟ್ಟಿಯಿಂದ ಹೆಸರು ತೆಗೆಯುತ್ತಾರಂತೆ. ಹನ್ನೊಂದು ವರ್ಷ ಆ ಪಟ್ಟಿಗಾಗಿ ಕಾದವಳು.

ನಾನು ತಪ್ಪಾಯಿತಮ್ಮ ಎಂದೆ. ಆಕೆ ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

"ಬಿಡಿ ಸಾರ್. ನಮ್ಮತ್ತೆ ಬೇಜಾರ್ ಮಾಡ್ಕೊಂಡ್ರು. ನಾನೇ ಹೇಳ್ದೆ, ಅವರಿಗೆ ನನ್ ಹೆಸ್ರು ಬಿಟ್ರೆ ಬೇರೆ ಯಾರ್ದೂ ಗೊತ್ತಿಲ್ಲ ಕಣತ್ತೆ, ಅದಕ್ಕೇ ಹೇಳವ್ರೆ, ಬೇಕಂತ ಹೇಳಿಲ್ಲ ಅಂತ."

ಮಂಚದಿಂದ ಮುನಿಯಲ್ಲಮ್ಮ ಅಂದರು: "ಅಂಗಾರೆ ಹೆಸ್ರು ಹೇಳ್ದೆ ಇರ್ಬೇಕಾಗಿತ್ತು ಕಣಮ್ಮಿ ನೀನು."

ಆದ್ದರಿಂದ ಬೇಡಿಕೆ. ಮನವಿ ಎನ್ನುವುದಿಲ್ಲ, ಮನವಿ ಬರೆದು ಬರೆದು ಕೈ ಸವೆದಿದೆ. ಯಾರಿಗೆ ಫೋನು ಮಾಡಿ ಆಕೆಯನ್ನು ಕಳಿಸಿದಿರೋ ಅವರಿಗೇ ಫೋನು ಮಾಡಿ ವಾಪಸು ಕರೆಸಿ, ಮೂರನೇ ಮೆಮೊ ಬರುವ ಮೊದಲು. ಎರಡು ಮೆಮೊಗಳನ್ನೂ ತೆಗೆಸಿ. ದೂರು ಸುಳ್ಳು, ಹೇಳಿದವನು ಇಂಥವನು ಎಂದು ನನ್ನ ಹೆಸರು ಹಾಕಿ ಕಡತದಲ್ಲಿ ಬರೆಸಿ, ನಾನು ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ಮುನಿಯಣ್ಣನವರ ಜಾಗಕ್ಕೆ ಜನ ಕೊಡಿಸಿ. ಮತ್ತೆ ಅದೇ ಪಾರ್ಕಿಗೆ ಬನ್ನಿ. ಉಪ್ಪಿಟ್ಟು ನಾವೇ ಮಾಡಿಸುತ್ತೇವೆ. ಎಪ್ಪತ್ತು ಮನೆಯವರ ಎದುರು ಐದು ನಿಮಿಷ ಮೈಕು ನನಗೆ ಕೊಡಿ. ಚಪ್ಪಾಳೆ ಬೀಳುವುದಿಲ್ಲ ಎಂದು ಗೊತ್ತಿದೆ. ನೀವು ಬಾರದಿದ್ದರೆ ಬಡಾವಣೆಯ ಎಷ್ಟು ಜನ ಬರುತ್ತಾರೋ ಬರಲಿ, ಒಬ್ಬನೇ ಆದರೂ ಸರಿ, ಸೋಮವಾರ ಹತ್ತು ಗಂಟೆಗೆ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ಹೋದ ಗುರುವಾರದಿಂದ ನಮ್ಮ ರಸ್ತೆಗೆ ಹೊಸಬರೊಬ್ಬರು ಬರುತ್ತಿದ್ದಾರೆ. ಚೆನ್ನಾಗಿ ಗುಡಿಸುತ್ತಾರೆ. ನಿನ್ನೆ ನಾನೇ ಹೊರಗೆ ಹೋಗಿ, ನಮ್ಮ ಮನೆಯ ಲೋಟದಲ್ಲಿ ಕಾಫಿ ಕೊಟ್ಟು, "ನಿಮ್ಮ ಹೆಸರೇನಮ್ಮ?" ಎಂದೆ. ಆಕೆ ಪೊರಕೆ ನಿಲ್ಲಿಸಿ, ನನ್ನ ಕಾಲಿನಿಂದ ತಲೆಯವರೆಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದರು.

"ಯಾಕ್ ಸಾರ್? ನಾನೇನ್ ಮಾಡ್ದೆ?"

ಇಂತಿ,
ಆಕೆಯ ಹೆಸರು ತಿಳಿಯದೆಯೇ ಒಳಗೆ ಬಂದ,
ಎಂ. ಕದಿರಪ್ಪ
ನಿವಾಸಿಗಳ ಸಂಘದ ಕಾರ್ಯದರ್ಶಿ (ರಾಜೀನಾಮೆ ಕೊಟ್ಟಿದ್ದೇನೆ, ಬೇರೆ ಯಾರೂ ಒಪ್ಪದ ಕಾರಣ ಮುಂದುವರಿದಿದ್ದೇನೆ)
ಮೂರನೇ ಅಡ್ಡರಸ್ತೆ